ವಾರ್ಷಿಕ ವರದಿಯ ಲೆಕ್ಕ ಕೊನೆಗೂ ಕೂಡಿಬಂದ ಬಗೆ: ನನ್ನ ಅನುಭವ

ಬೆಳಗಾವಿಯ ನಮ್ಮ ವಿಶ್ವವಿದ್ಯಾಲಯದ ವಾರ್ಷಿಕ ಪ್ರಗತಿ ವರದಿಯ ಹೊಣೆ ನನ್ನ ಪಾಲಿಗೆ ಬಂದು ಇದು ನಾಲ್ಕನೆಯ ವರ್ಷ. ಬೋಧನೆ, ಸಂಶೋಧನೆ, ವಿದೇಶಿ ಸಹಯೋಗ ಎಂಬ ಮೂರೂ ಅಧ್ಯಾಯಗಳು ಈ ಸಲ ದಾಖಲೆ ಸಮೇತ ಗಡುವಿಗೆ ಹನ್ನೊಂದು ದಿನ ಮೊದಲೇ ಸಿದ್ಧವಾದವು. ಪ್ರತಿ ತಿಂಗಳು ಐದನೇ ತಾರೀಖಿಗೆ ಮಾಹಿತಿ ಒಪ್ಪಿಸುವ ವಿಭಾಗವನ್ನು ತಾವು ಮೂವತ್ತು ವರ್ಷಗಳ ಸೇವೆಯಲ್ಲಿ ಕಂಡಿಲ್ಲವೆಂದು ಹಿರಿಯರೊಬ್ಬರು ಮೊದಲ ಸಭೆಯಲ್ಲಿ ಹೇಳಿದ್ದರು. ಈಗ ಇಪ್ಪತ್ತನಾಲ್ಕು ವಿಭಾಗಗಳಲ್ಲಿ ಇಪ್ಪತ್ತೊಂದು ಒಪ್ಪಿಸುತ್ತಿವೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮಾನದಂಡಗಳಾಗಲಿ, ಅವುಗಳಿಗೆ ರಾಷ್ಟ್ರೀಯ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್‌ನ ನಮೂನೆಗಳಾಗಲಿ ಐಕ್ಯೂಎಸಿಯಲ್ಲಿ (ಸಂಸ್ಥೆಯೊಳಗಿನ ಗುಣಮಟ್ಟ ಕೋಶ) ಇರುವವರಿಗೆ ಹೊಸತಲ್ಲವಾದ್ದರಿಂದ ನೇರವಾಗಿ ನಾನು ಎಡವಿದ ಜಾಗಗಳಿಗೆ ಬರುತ್ತೇನೆ.

ಮೊದಲ ವರ್ಷ ನಲವತ್ತೆರಡು ಕಂಬಸಾಲುಗಳ ಎಕ್ಸೆಲ್ ಹಾಳೆಯನ್ನು ಎಲ್ಲ ವಿಭಾಗಗಳಿಗೆ ಕಳುಹಿಸಿದೆ. ಎರಡು ತಿಂಗಳ ನಂತರ ಒಂಬತ್ತು ಹಾಳೆಗಳು ಮರಳಿ ಬಂದವು, ಮತ್ತು ಅವುಗಳಲ್ಲಿ ಒಂದರ ವರ್ಷ ಇನ್ನೊಂದರ ವರ್ಷವಾಗಿರಲಿಲ್ಲ. ವಿದ್ಯಾರ್ಥಿಗಳ ಲೆಕ್ಕ ಶೈಕ್ಷಣಿಕ ವರ್ಷಕ್ಕೆ, ಅನುದಾನದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ, ಪ್ರಬಂಧಗಳ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ ಇರಬೇಕೆಂಬುದನ್ನು ನಾನೇ ಸ್ಪಷ್ಟವಾಗಿ ಬರೆದಿರಲಿಲ್ಲ. ಮೂರು ವರ್ಷಕ್ಕೆಂದು ಮಂಜೂರಾದ ಸುಮಾರು 27 ಲಕ್ಷ ರೂಪಾಯಿಯ ಯೋಜನೆಯೊಂದನ್ನು ವಿಭಾಗದವರು ಪ್ರತಿ ವರ್ಷವೂ ಪೂರ್ಣ ಮೊತ್ತವಾಗಿ ನಮೂದಿಸುತ್ತ ಬಂದಿದ್ದರು. ಹೊರಗಿನಿಂದ ಬಂದ ಪರಿಶೀಲಕರು ಅದನ್ನು ಹತ್ತೇ ನಿಮಿಷಗಳಲ್ಲಿ ಹಿಡಿದರು. ಆ ದಿನದಿಂದ ನಾನು ಮಂಜೂರಾದ ಹಣ ಮತ್ತು ಆ ವರ್ಷ ಖಾತೆಗೆ ನಿಜವಾಗಿ ಜಮೆಯಾದ ಹಣ ಎರಡನ್ನೂ ಬೇರೆ ಬೇರೆ ಬರೆಸುತ್ತೇನೆ, ಜಮೆಯಾದದ್ದನ್ನು ಮಾತ್ರ ಕೂಡಿಸುತ್ತೇನೆ.

ಎರಡನೆಯ ವರ್ಷ ಖಾಸಗಿ ತಂತ್ರಾಂಶವೊಂದನ್ನು ಮೂರು ತಿಂಗಳು ಪ್ರಯೋಗಕ್ಕೆ ತಂದೆವು. ಅದಕ್ಕೆ ಹೋದ ಒಂದೂಕಾಲು ಲಕ್ಷ ರೂಪಾಯಿ ವ್ಯರ್ಥವಾಯಿತೆಂದೇ ಹೇಳಬೇಕು, ಏಕೆಂದರೆ ನಮ್ಮ ಸಂಸ್ಥೆಯ ಹೆಸರು ಸರಿಯಾಗಿ ಅಚ್ಚಾದ ಪ್ರಬಂಧಗಳನ್ನು ಮಾತ್ರ ಅದು ಹೆಕ್ಕಿ ತಂದಿತು. ಆದರೆ ನನ್ನ ಇಡೀ ವಿಧಾನ ಹುಟ್ಟಿದ್ದು ಆ ನಷ್ಟದಿಂದಲೇ. ಒಂದು ಸಂಜೆ ನನ್ನದೇ ಹಳೆಯ ಪ್ರಬಂಧವೊಂದು ಪಟ್ಟಿಯಲ್ಲಿ ಏಕಿಲ್ಲವೆಂದು ಹುಡುಕುತ್ತ ಕುಳಿತಾಗ, ಅದು ‘ಬೆಲ್ಗಾಮ್’ ಎಂಬ ಹೆಸರಿನಡಿ ಬೇರೊಂದು ಸಂಸ್ಥೆಯ ಪ್ರಬಂಧವೆಂಬಂತೆ ಸ್ಕೋಪಸ್ ಎಂಬ ಸಂಶೋಧನಾ ಪ್ರಬಂಧಗಳ ದತ್ತಸಂಚಯದಲ್ಲಿ ಕುಳಿತಿತ್ತು. 2014ರ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ಬೆಳಗಾವಿಯಾಯಿತು. ನಮ್ಮ ಅಧ್ಯಾಪಕರು ಪ್ರಬಂಧಗಳಲ್ಲಿ ಕೊಡುವ ವಿಳಾಸಗಳು ಮಾತ್ರ ವರ್ಷಗಟ್ಟಲೆ ಹಳೆಯ ಹೆಸರಿನಲ್ಲಿಯೇ ನಡೆದವು. ಇಂಗ್ಲಿಷಿನಲ್ಲಿ ಊರಿನ ಹೆಸರಿನ ನಾಲ್ಕು ಕಾಗುಣಿತಗಳು, ಸಂಸ್ಥೆಯ ಹೆಸರಿನ ಸಂಕ್ಷಿಪ್ತ ರೂಪಗಳು, ವಿಭಾಗದ ಹೆಸರನ್ನಷ್ಟೇ ಬರೆದು ಬಿಟ್ಟವು ಎಲ್ಲ ಸೇರಿ ಹದಿನೇಳು ರೂಪಗಳು ನನಗೆ ಸಿಕ್ಕವು. ಬಿಜಾಪುರವು ವಿಜಯಪುರವಾದದ್ದೂ ಅದೇ ದಿನ, ಹಾಗಾಗಿ ಅಲ್ಲಿನ ಮಿತ್ರರಿಗೂ ಇದೇ ಪಾಡು.

ಸ್ಕೋಪಸ್‌ಗೆ ತಿದ್ದುಪಡಿಯ ಕೋರಿಕೆಗಳನ್ನು ಕಳುಹಿಸಿ, ಅವು ಜಾರಿಯಾಗುವವರೆಗೆ ಬೆನ್ನು ಬಿದ್ದು, ಎಲ್ಲವನ್ನೂ ಒಂದೇ ಗುರುತಿನಡಿ ತರಲು ಏಳು ತಿಂಗಳು ಹಿಡಿಯಿತು. ಮೂರು ವರ್ಷಗಳ ಪ್ರಬಂಧಗಳ ಎಣಿಕೆ ಸುಮಾರು 340 ಇದ್ದದ್ದು 510ರ ಆಸುಪಾಸಿಗೆ ಏರಿತು. ಯಾರೂ ಹೊಸದಾಗಿ ಒಂದು ಸಾಲನ್ನೂ ಬರೆದಿರಲಿಲ್ಲ. ಅಂಕಿಯನ್ನು ಉಬ್ಬಿಸಿದ್ದೇನೆಂಬ ಮಾತು ಸಭೆಯಲ್ಲಿ ಬಂದಾಗ, ಪ್ರತಿಯೊಂದು ಪ್ರಬಂಧದ ವಿಳಾಸವಿರುವ ಮೊದಲ ಪುಟವನ್ನು ಮುದ್ರಿಸಿ ಮೇಜಿನ ಮೇಲಿಟ್ಟೆ. ಬೇರೆ ಸಂಸ್ಥೆಯಲ್ಲಿದ್ದಾಗ ಬರೆದು ಇಲ್ಲಿನ ಲೆಕ್ಕಕ್ಕೆ ಸೇರಿಸಿದ್ದ ಇಪ್ಪತ್ತಮೂರನ್ನು ತೆಗೆದುಹಾಕಿದ್ದೆ, ಅವುಗಳಲ್ಲಿ ಎರಡು ನನ್ನವೇ ಆಗಿದ್ದವು. ಆ ಮೇಲೆ ಆಕ್ಷೇಪ ಬರಲಿಲ್ಲ.

ಈಗಿನ ಪದ್ಧತಿಯಲ್ಲಿ ಅಧ್ಯಾಪಕರಿಂದ ನಾನು ಕೇಳುವುದು ಪ್ರಬಂಧದ ಶಾಶ್ವತ ಗುರುತಾದ ಡಿಒಐ ಸಂಖ್ಯೆಯೊಂದನ್ನೇ. ಶೀರ್ಷಿಕೆ, ಲೇಖಕರು, ಪತ್ರಿಕೆ, ತಾರೀಖು ಎಲ್ಲವೂ ಆ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್‌ ಸಂಸ್ಥೆಯಿಂದ ಉಚಿತವಾಗಿ ಬರುತ್ತವೆ. ಒಂದೇ ಪ್ರಬಂಧವನ್ನು ಮೂವರು ಸಹಲೇಖಕರು ಕಳುಹಿಸಿದರೂ ಸಂಖ್ಯೆ ಒಂದೇ ಆದ್ದರಿಂದ ಎಣಿಕೆ ಒಂದೇ ಆಗುತ್ತದೆ. ವಿಳಾಸ ಮಾತ್ರ ಹಲವು ಸಲ ಅಲ್ಲಿರುವುದಿಲ್ಲ, ಅದಕ್ಕಾಗಿ ಮೊದಲ ಪುಟ ಬೇಕೇ ಬೇಕು. ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಿಂಗಳಿಗೆ ಐದೈದು ಸಾವಿರ ಕೊಡುತ್ತೇವೆ. ವರ್ಷದ ಖರ್ಚು ಒಂದು ಲಕ್ಷ ಇಪ್ಪತ್ತು ಸಾವಿರ, ಅಂದರೆ ಹೆಚ್ಚುಕಡಿಮೆ ಆ ತಂತ್ರಾಂಶದ ಮೂರು ತಿಂಗಳ ಬೆಲೆ. ಐದನೇ ತಾರೀಖನ್ನು ವಿಭಾಗ ಮುಖ್ಯಸ್ಥರು ತಪ್ಪಿಸದಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದು ಪತ್ರ ಬರೆದು ಸಾಧಿಸಿದ್ದಲ್ಲ ಎಂದಷ್ಟೇ ಹೇಳಬಲ್ಲೆ.

ಡಿಒಐ ಕೈಕೊಟ್ಟದ್ದು ಕನ್ನಡ ವಿಭಾಗದಲ್ಲಿ. ಅಲ್ಲಿನ ಲೇಖನಗಳು ಅಚ್ಚಾಗುವ ಪತ್ರಿಕೆಗಳಲ್ಲಿ ಬಹುಪಾಲಿಗೆ ಆ ಸಂಖ್ಯೆಯೇ ಇಲ್ಲ. ನನ್ನ ಮೊದಲ ಕರಡಿನಲ್ಲಿ, ವರ್ಷವಿಡೀ ದುಡಿದ ಆರು ಜನರ ಎದುರಿಗೆ ಸೊನ್ನೆ ಬಂದಿತ್ತು. ಆ ಕರಡನ್ನು ನೋಡಿದ ವಿಭಾಗದವರ ಮುಖ ನನಗೆ ಇನ್ನೂ ನೆನಪಿದೆ. ಅವರಿಗಾಗಿ ಪತ್ರಿಕೆಯ ಐಎಸ್‌ಎಸ್‌ಎನ್ ಅಥವಾ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯ ಜೊತೆಗೆ ಶೀರ್ಷಿಕೆ ಪುಟದ ಚಿತ್ರವನ್ನು ಆಧಾರವಾಗಿ ಒಪ್ಪುವ ಪ್ರತ್ಯೇಕ ಹಾಳೆಯನ್ನು ಮಾಡಿದೆ. ಕನ್ನಡದ ಸಂಶೋಧನೆಯನ್ನು ಎಣಿಸಲಾರದ ವರದಿಯನ್ನು ಬೆಳಗಾವಿಯಿಂದ ಕಳುಹಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಬೋಧನೆಯ ಅಧ್ಯಾಯ ಸುಲಭವಾಗಿ ಮುಗಿಯಿತು: ವೇಳಾಪಟ್ಟಿಯ ತರಗತಿಗಳು ಎಷ್ಟು, ನಡೆದವು ಎಷ್ಟು ಎಂಬುದನ್ನು ಹಾಜರಿ ಪುಸ್ತಕದಿಂದಲೇ ತೆಗೆದೆವು.

ವಿದೇಶಿ ಸಹಯೋಗದಲ್ಲಿ ಧೈರ್ಯ ಬೇಕಾಯಿತು. ಕಡತದಲ್ಲಿ ಹತ್ತೊಂಬತ್ತು ಒಡಂಬಡಿಕೆಗಳಿದ್ದವು. ಹಿಂದಿನ ಎರಡು ವರ್ಷಗಳಲ್ಲಿ ಜಂಟಿ ಪ್ರಬಂಧ, ತರಗತಿ, ವಿದ್ಯಾರ್ಥಿ ವಿನಿಮಯ ಇವುಗಳಲ್ಲಿ ಯಾವುದಾದರೂ ನಡೆದದ್ದು ನಾಲ್ಕರಲ್ಲಿ. ನಾಲ್ಕನ್ನೇ ಅಚ್ಚು ಹಾಕಿಸಿ, ವಿಮಾನದ ಖರ್ಚಿಗೆಂದು ಇಟ್ಟಿದ್ದ ಹಣದಲ್ಲಿ ಸ್ವಲ್ಪವನ್ನು ಜರ್ಮನಿಯ ಸಹಭಾಗಿಗಳೊಂದಿಗಿನ ಆನ್‌ಲೈನ್ ತರಗತಿಗಳಿಗೆ ತಿರುಗಿಸಿದೆವು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೊದಲ ಸರಣಿಯಲ್ಲಿ ನಮ್ಮ ನಲವತ್ತು ವಿದ್ಯಾರ್ಥಿಗಳು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯವರೆಗೆ ಖಾಲಿ ಪರದೆಯ ಮುಂದೆ ಕುಳಿತರು. ಈಗ ವೇಳಾಪಟ್ಟಿಯಲ್ಲಿ ಎರಡೂ ಊರುಗಳ ಸಮಯವನ್ನು ನಮೂದಿಸುತ್ತೇವೆ.

ವರದಿಗೆ ನೇರ ಸಂಬಂಧವಿಲ್ಲದ ಒಂದು ಪ್ರಯೋಗವನ್ನೂ ನಡೆಸಿದೆ. ಪ್ರತಿ ಪ್ರಬಂಧಕ್ಕೆ ಅರ್ಧ ಪುಟದ ಕನ್ನಡ ಸಾರಾಂಶ ಬರೆಸಿದೆ, ಮೂವತ್ತರಷ್ಟು ಬಂದವು. ಕಬ್ಬಿನ ರವದಿಯನ್ನು ಸುಡದೆ ಗೊಬ್ಬರ ಮಾಡುವ ಬಗ್ಗೆ ಇದ್ದ ಸಾರಾಂಶವನ್ನು ಓದಿ ರಾಯಬಾಗದ ಕಡೆಯ ರೈತರೊಬ್ಬರು ನಮ್ಮ ಪ್ರಯೋಗಾಲಯವನ್ನು ಹುಡುಕಿಕೊಂಡು ಬಂದರು.

ಸದ್ಯ ಹಳೆಯ ಕನ್ನಡ ಪಿಎಚ್‌ಡಿ ಪ್ರಬಂಧಗಳು ಕೈಯಲ್ಲಿವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದವುಗಳನ್ನು ಹಾಗೆಯೇ ಪಿಎಚ್‌ಡಿ ಪ್ರಬಂಧಗಳ ರಾಷ್ಟ್ರೀಯ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಏರಿಸಿದರೆ ಒಳಗಿನ ಒಂದು ಕನ್ನಡ ಪದವೂ ಹುಡುಕಾಟಕ್ಕೆ ಸಿಗುವುದಿಲ್ಲ, ಯುನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುತ್ತವೆ. ಇಬ್ಬರು ವಿದ್ಯಾರ್ಥಿಗಳು ಒಂದೊಂದು ಪುಟವನ್ನೂ ಓದಿ ತಿದ್ದುತ್ತಿದ್ದಾರೆ. ನೂರ ನಲವತ್ತರಲ್ಲಿ ಅರವತ್ತೆರಡು ಮುಗಿದಿವೆ.