ಬಜರ್ ಡಿಸ್ಕ್‌ನಲ್ಲೇ ಲೋಟ ಜಾರೋದನ್ನು ಹಿಡಿದೆ

ಕೃತಕ ಕೈಯಿಂದ ವಸ್ತು ಜಾರುವುದನ್ನು ಪೀಜೋ ಡಿಸ್ಕ್‌ನಲ್ಲೇ (ನಡುಗಿದರೆ ವಿದ್ಯುತ್ ಸಿಗ್ನಲ್ ಕೊಡುವ ತೆಳು ಬಿಲ್ಲೆ) ಹಿಡಿಯಬಹುದು ಅಂತ ನಾನು ಅಂದಾಗ ನಮ್ಮ ಗೆಳೆಯರ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಅದು ಬಜರ್ ಸಾಮಾನು. ಮೋಟರ್ ಗದ್ದಲ ಬಿಟ್ಟು ಇನ್ನೇನೂ ಸಿಗಲ್ಲ" ಅಂದರು. ಈಗ ನಮ್ಮ ಸೋದರಮಾವ ಅದೇ ಕೈಯಲ್ಲಿ ಪೇಪರ್ ಕಪ್ ಹಿಡಿದು ಕಾಫಿ ಕುಡಿಯುತ್ತಾರೆ.

ಮೊದಲು ನಾನೂ ಎಲ್ಲರ ಹಾಗೆ ಎಫ್‌ಎಸ್‌ಆರ್, ಅಂದರೆ ಒತ್ತಿದರೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್, ಹಾಕಿದೆ. ಒಂದಕ್ಕೆ ನಾನೂರು ಐನೂರು ರೂಪಾಯಿ. ಅದು ಒತ್ತಡ ಹೇಳುತ್ತದೆ, ಜಾರಿಕೆ ಹೇಳುವುದಿಲ್ಲ. ಸುಮ್ನೆ ಹಿಡಿದುಕೊಂಡಿದ್ದರೂ ರೀಡಿಂಗ್ ಸರಿಯುತ್ತಾ ಹೋಗುತ್ತದೆ. ಬೀಳದಿರಲಿ ಅಂತ ಹಿಡಿತ ಜಾಸ್ತಿ ಇಟ್ಟರೆ ಕಪ್ ಅಪ್ಪಚ್ಚಿ. ಆಮೇಲೆ ಸಿಲಿಕೋನ್ ಒಳಗೆ ಚಿಕ್ಕ ಮ್ಯಾಗ್ನೆಟ್ ಹೂತು, ಕೆಳಗೆ ಕಾಂತಕ್ಷೇತ್ರವನ್ನು ಮೂರು ದಿಕ್ಕಿನಲ್ಲಿ ಅಳೆಯುವ ಹಾಲ್ ಸೆನ್ಸರ್ ಇಟ್ಟೆ. ಅಡ್ಡ ಎಳೆತ ಚೆನ್ನಾಗಿ ಸಿಕ್ಕಿತು, ಆದರೆ ಕಬ್ಬಿಣದ ಸೌಟು ಹಿಡಿದ ಕೂಡಲೇ ಲೆಕ್ಕವೆಲ್ಲ ತಲೆಕೆಳಗು. ಈ ಎರಡಕ್ಕೇ ಹನ್ನೆರಡು ಸಾವಿರದ ಹತ್ತಿರ ಹೋಯಿತು.

ಪೂರ್ತಿ ಜಾರುವ ಮೊದಲೇ ಬೆರಳ ತೊಗಲಿನ ಅಂಚು ಅಲ್ಲಲ್ಲಿ ಬಿಟ್ಟು, ಮತ್ತೆ ಕಚ್ಚಿ, ನಡುಗುತ್ತದೆ. ಎಂಬತ್ತರ ದಶಕದಲ್ಲೇ ಸ್ವೀಡನ್ನಿನ ವಿಜ್ಞಾನಿಗಳಾದ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್ ಅಳೆದಿದ್ದರಲ್ವಾ, ಜಾರಿದ ಸುಮಾರು 70 ಮಿಲಿಸೆಕೆಂಡಿಗೆ ನಮ್ಮ ಬೆರಳು ತಾನಾಗೇ ಬಿಗಿಯುತ್ತದೆ ಅಂತ. ನನಗೆ ಬೇಕಾಗಿದ್ದೂ ಅದೇ ನಡುಕ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹತ್ತು ರೂಪಾಯಿ ಆಸುಪಾಸಿಗೆ ಡಿಸ್ಕ್ ಸಿಗುತ್ತದೆ. ಚಿಕ್ಕದನ್ನೇ ತಗೊಳ್ಳಿ. ದೊಡ್ಡದನ್ನು ಕತ್ತರಿಸಿದರೆ ಸೆರಾಮಿಕ್ ಬಿರಿಯುತ್ತದೆ. ಡಿಸ್ಕ್‌ಗೆ ಅಡ್ಡಕ್ಕೆ ಒಂದು ಮೆಗಾ ಓಮ್ ರೆಸಿಸ್ಟರ್, ಸಿಗ್ನಲ್ ದೊಡ್ಡದು ಮಾಡಲು ಒಂದು ಆಪ್‌ಆಂಪ್ ಚಿಪ್, ಆಮೇಲೆ ಲೆಕ್ಕ ಮಾಡಲು ಇಎಸ್‌ಪಿ32 ಮೈಕ್ರೋಕಂಟ್ರೋಲರ್.

ಇನ್ನು ಮೋಟರ್ ಗದ್ದಲ. ಈ ಕೃತಕ ಕೈಯಲ್ಲಿರುವುದು ವರ್ಮ್ ಗೇರ್, ಬೆರಳನ್ನು ಹೊರಗಿಂದ ಎಳೆದರೂ ಹಿಂದಕ್ಕೆ ತಿರುಗುವುದಿಲ್ಲ. ಹಿಡಿದ ಮೇಲೆ ಮೋಟರ್ ಆಫ್. ಆಗ ಗದ್ದಲ ಎಲ್ಲಿಂದ ಬರಬೇಕು? ಉಳಿದದ್ದು ಕೈ ಮೇಜಿಗೆ ತಗುಲುವುದು, ನಡೆಯುವಾಗಿನ ಕುಲುಕು. ಅದಕ್ಕೆ ಅಂಗೈ ಚೌಕಟ್ಟಿಗೆ ಇನ್ನೊಂದು ಡಿಸ್ಕ್ ಅಂಟಿಸಿದೆ. ಎರಡೂ ಒಟ್ಟಿಗೆ ನಡುಗಿದರೆ ಬಿಟ್ಟುಬಿಡು, ಬೆರಳೊಂದೇ ನಡುಗಿದರೆ ಬಿಗಿ ಮಾಡು. ಒಂದರ ಸಿಗ್ನಲ್‌ನಿಂದ ಇನ್ನೊಂದರದ್ದನ್ನು ಕಳೆಯಲು ಹೋಗಬೇಡಿ, ಎರಡರ ಅಲೆ ಹೊಂದುವುದಿಲ್ಲ. ಎರಡು ನಡುಕಗಳ ಶಕ್ತಿಯ ಪ್ರಮಾಣ ಹೋಲಿಸಿದರೆ ಸಾಕು.

ಬೆರಳ ತೊಗಲಿಗೆ ನುಣುಪು ಸಿಲಿಕೋನ್ ಹಾಕಿದಾಗ ಸಿಗ್ನಲ್ ಏನೂ ಬರಲಿಲ್ಲ. ಸಣ್ಣ ಗೀರು ಏಣುಗಳನ್ನು ಎರಕ ಹೊಯ್ದಾಗ ಸಿಗ್ನಲ್ ಎದ್ದು ನಿಂತಿತು. ಏಣುಗಳ ಅಂತರ, ಸಿಲಿಕೋನ್‌ಗೆ ಬೆರೆಸಿದ ಪುಡಿ ಯಾವುದು ಅನ್ನುವುದನ್ನು ಸದ್ಯಕ್ಕೆ ಹೇಳಲ್ಲ.

ನಡುವೆ ಬೆರಳೊಳಗೆ ಮೈಕ್ ಇಟ್ಟೂ ನೋಡಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಕೈ ಬಿಗಿಯುತ್ತಿತ್ತು!

ಖಾಲಿ ಸ್ಟೀಲ್ ಲೋಟವನ್ನು ಹಗುರಕ್ಕೆ ಹಿಡಿಸಿ ನೀರು ಸುರಿಯುವುದು ನನ್ನ ಪರೀಕ್ಷೆ. ಅರ್ಧ ತುಂಬುವಾಗ ಕೂದಲೆಳೆಯಷ್ಟು ಇಳಿಯುತ್ತದೆ, ಬೆರಳು ಟಕ್ ಅಂತ ಬಿಗಿಯುತ್ತದೆ, ನಿಲ್ಲುತ್ತದೆ. ಹತ್ತಕ್ಕೆ ಒಂಬತ್ತು ಸಲ ಬೀಳಲ್ಲ. "ನಾನು ನೋಡ್ತಾನೇ ಇರಬೇಕಿಲ್ಲ ಕಣೋ" ಅಂದರು ಮಾವ. ಗುಂಪಿನವರನ್ನೂ ಮನೆಗೆ ಕರೆದು ಅವರ ಕೈಯಿಂದಲೇ ನೀರು ಸುರಿಸಿದೆ.

ಒಂದು ಬೆರಳ ತುದಿಗೆ ನೂರೈವತ್ತು ರೂಪಾಯಿ ದಾಟಿಲ್ಲ. ಹೆಬ್ಬೆರಳು, ತೋರುಬೆರಳು ಎರಡಕ್ಕೆ ಹಾಕಿದರೆ ಸಾಕು. ಎಣ್ಣೆ ಜಿಡ್ಡಿನ ತಟ್ಟೆ ಮಾತ್ರ ಇನ್ನೂ ನಡುಗದೆ ಜಾರುತ್ತದೆ. ಅದಕ್ಕೆ ಪಕ್ಕಕ್ಕಿಟ್ಟಿದ್ದ ಹಾಲ್ ಸೆನ್ಸರನ್ನು ಮತ್ತೆ ಜೋಡಿಸುತ್ತಿದ್ದೇನೆ.