ಹಳೇ ಆಂಪ್ಲಿಫೈಯರ್ ಪ್ಲಗ್‌ಗೆ ಹಾಕುವ ಮುಂಚೆ

ಮಡಿಕೇರಿ, ವಿರಾಜಪೇಟೆ ಕಡೆ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ತಗೊಳ್ಳೋರು ದಯವಿಟ್ಟು ಮೊದಲು ಹಿಂಬದಿ ಲೇಬಲ್ ಓದಿ. 100 ವೋಲ್ಟ್ ಅಂತಿದ್ದರೆ ಅದು ಜಪಾನಿನದು, 120 ಇದ್ದರೆ ಅಮೆರಿಕದ ಕಡೆಯದು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತೆ. 230 ಅನ್ನು ಆ ಲೇಬಲ್‌ನ ವೋಲ್ಟ್‌ಗೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು ಬೇಕು ಅನ್ನೋ ಲೆಕ್ಕಕ್ಕೆ ಜಾಹೀರಾತಿನ '50+50 ವಾಟ್' ಹಿಡಿಯಬೇಡಿ, ಅದು ಸ್ಪೀಕರ್‌ಗೆ ಹೋಗುವ ಶಕ್ತಿ. ಕರೆಂಟಿನಿಂದ ಎಳೆಯೋದು ಅದಕ್ಕಿಂತ ಜಾಸ್ತಿ. ಲೇಬಲ್‌ನಲ್ಲಿರುವ ಬಳಕೆಯ ವಾಟ್ ನೋಡಿ, ಅದರ ಒಂದೂವರೆ ಪಟ್ಟಾದರೂ ತಗೊಳ್ಳಿ: 200 ಇದ್ದರೆ 300 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ). ಲೇಬಲ್ ಅಳಿಸಿದ್ದರೆ ಮಾಡೆಲ್ ನಂಬರ್ ಹಿಡಿದು ಸರ್ವಿಸ್ ಮ್ಯಾನುಯಲ್ ಹುಡುಕಿ, ಅಂದಾಜು ಬೇಡವೇ ಬೇಡ.

ಮಳೆಗಾಲದಲ್ಲಿ ಇನ್ವರ್ಟರ್‌ಗೆ ಹಾಕೋದಾದರೆ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡೋದು) ಇರಲಿ. ನಮ್ಮ ಥಂಡಿಯಲ್ಲಿ ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟಾದರೆ, ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಸೀರೀಸ್ ಬಲ್ಬ್ (ಒಳಗೆ ಶಾರ್ಟ್ ಇದ್ದರೆ ಕರೆಂಟ್ ತಡೆಯೋಕೆ ದಾರಿಯಲ್ಲಿ ಸೇರಿಸುವ ಬಲ್ಬ್) ಇಟ್ಟು ಆನ್ ಮಾಡಿಸಿ.