ಹಳೇ ಕಂಪ್ಯೂಟರ್‌ನಲ್ಲಿ ಜಾಗ ಕಾಣ್ತಿಲ್ವಾ? ಹೀಗೆ ಹುಡುಕಿ

“ಮಾಮಾ, 500 ಜಿಬಿ ಅಂತ ಹೇಳಿ ಕೊಟ್ಟಾರ, ಇಲ್ಲಿ ನೋಡಿದ್ರ 146 ಐತಿ!” ಗಂಗಾವತಿಯಿಂದ ಅಕ್ಕನ ಮಗನ ಫೋನು. ರೈಸ್ ಮಿಲ್ಲೊಂದರ ಲೆಕ್ಕಕ್ಕೆ ಇಟ್ಟಿದ್ದ ಕಂಪ್ಯೂಟರನ್ನು ಓದಿಗೆ ಅಂತ ಕೊಂಡಿದ್ದ. ಮೋಸ ಹೋದೆ ಅಂತ ಅಳುವುದೊಂದು ಬಾಕಿ. ಅಂಥ ಗಾಬರಿ ಬೇಡ, ಜಾಗ ಅಲ್ಲೇ ಇರುತ್ತದೆ.

ಮೊದಲು ಒಂದು ಲೆಕ್ಕ. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 465 ಅಂತಲೇ ಕಾಣುತ್ತದೆ. ತಯಾರಿಸುವವರು ಒಂದು ಜಿಬಿಗೆ 100 ಕೋಟಿ ಬೈಟ್ ಹಿಡಿಯುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಹಿಡಿಯುತ್ತದೆ. 1 ಟಿಬಿ ಆದರೆ 931. ಇಷ್ಟಕ್ಕೆ ಮಾರಿದವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಅದಕ್ಕೂ ಕಡಿಮೆ ಇದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ‘ಡಿಸ್ಕ್ 0’ ಅಂತ ಉದ್ದನೆಯ ಪಟ್ಟಿ, ಬದು ಹಾಕಿದ ಹೊಲದ ಹಾಗೆ ತುಂಡು ತುಂಡು. ಅದರ ಎಡಕ್ಕೆ ಒಟ್ಟು ಅಳತೆ. ನಮ್ಮ ಹುಡುಗನ ಡಿಸ್ಕ್‌ನಲ್ಲಿ 465.76 ಸರಿಯಾಗೇ ಇತ್ತು. ಸಿ ಡ್ರೈವ್ 146, ಪಕ್ಕದಲ್ಲಿ ಸಿ, ಡಿ ಅಂತ ಅಕ್ಷರವೇ ಇಲ್ಲದ 200ರ ತುಂಡು, ಕೊನೆಗೆ ಮೇಲೆ ಕಪ್ಪು ಪಟ್ಟಿಯಿದ್ದ ಖಾಲಿ ಜಾಗ.

ಅಕ್ಷರವಿಲ್ಲದ ತುಂಡನ್ನು ಕಂಡ ಕೂಡಲೇ ಡಿಲೀಟ್ ಮಾಡಬೇಡಿ, ದಯವಿಟ್ಟು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್’ಗೆ ಹೋಗಿ, ‘ಆಡ್’ ಒತ್ತಿ ಒಂದು ಅಕ್ಷರ ಕೊಡಿ. ಆಗ ತೆರೆದು ನೋಡಬಹುದು. ನಮಗೆ ಸಿಕ್ಕಿದ್ದು ‘ತಂಗಿ ಮದುವಿ’ ಅನ್ನೋ ಫೋಲ್ಡರ್. ಒಳಗೆ ಅರಿಶಿಣದ ದಿನದಿಂದ ಹಿಡಿದು ಎಲ್ಲ ಫೋಟೋ. ಮಾರಿದವರಿಗೆ ಫೋನ್ ಮಾಡಿದೆವು. ಅವತ್ತೇ ಸಂಜೆ ಪೆನ್‌ಡ್ರೈವ್ ಹಿಡಿದು ಬಂದರು. ಬೇರೆ ಕಾಪಿಯೇ ಇರಲಿಲ್ಲವಂತೆ! ಅವರು ‘ಇನ್ನು ಅಳಿಸ್ರಿ’ ಅಂದ ಮೇಲೆಯೇ ಫಾರ್ಮ್ಯಾಟ್ ಮಾಡಿದ್ದು. ‘ರಿಕವರಿ’, ‘ಇಎಫ್ಐ’ ಅಂತ ಬರೆದ ಸಣ್ಣ ತುಂಡುಗಳನ್ನು ಮಾತ್ರ ಮುಟ್ಟಲೇಬೇಡಿ.

ಕಪ್ಪು ಪಟ್ಟಿಯ ಜಾಗ ಯಾರಿಗೂ ಹಂಚದೆ ಬಿಟ್ಟಿದ್ದು. ರೈಟ್ ಕ್ಲಿಕ್ ಮಾಡಿ, ‘ನ್ಯೂ ಸಿಂಪಲ್ ವಾಲ್ಯೂಮ್’ ಆರಿಸಿ, ನೆಕ್ಸ್ಟ್ ಒತ್ತುತ್ತಾ ಹೋದರೆ ಹೊಸ ಡ್ರೈವ್ ಸಿದ್ಧ. ಸಿ ಡ್ರೈವ್‌ಗೇ ಸೇರಿಸಬೇಕು ಅಂದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ಇಲ್ಲದಿದ್ದರೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ‘ಎಕ್ಸ್‌ಟೆಂಡ್’ ಮಸುಕಾಗಿರುತ್ತದೆ. ನನ್ನ ಮಾತು ಕೇಳಿದರೆ ಹೊಸ ಡ್ರೈವ್ ಸಾಕು. ಕರೆಂಟ್ ಹೋಗಿ ಬಂದು ಮಾಡುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

ಅಳತೆಯೆಲ್ಲ ಸರಿಯಿದ್ದು ಸಿ ಡ್ರೈವೇ ತುಂಬಿದೆಯಾ? ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ಹಿಂದಿನ ವಿಂಡೋಸ್ ಉಳಿದಿದ್ದರೆ ತೆಗೆಯಿರಿ, ಹಲವು ಜಿಬಿ ಬಿಡುಗಡೆಯಾಗುತ್ತದೆ. ಡೌನ್‌ಲೋಡ್ಸ್‌ಗೆ ಟಿಕ್ ಬಿದ್ದಿದ್ದರೆ ಒಳಗೇನಿದೆ ನೋಡಿಕೊಳ್ಳಿ.

ಇನ್ನು, ಎಡಗಡೆಯ ಒಟ್ಟು ಅಳತೆಯೇ 298 ಅಂತಿದ್ದರೆ ಅದು 320 ಜಿಬಿ ಡಿಸ್ಕ್. ಆ ಪರದೆಯ ಫೋಟೋ ತೆಗೆದುಕೊಂಡು ಮಾರಿದವರ ಹತ್ತಿರ ಹೋಗಿ.